ನೂರ ಮೂವತ್ತೊಂದು

ನೂಲು ಬಿಚ್ಚುವ ಮನೆಗಳಿಂದ
ಬೆಂದ ಹುಳದ ವಾಸನೆ ಕಿಟಕಿ ದಾಟಿ ಬಂದು
ಮೂರನೇ ಬೆಂಚಲ್ಲಿ ಕೂತಿತು.
ಶಿಡ್ಲಘಟ್ಟದಲ್ಲಿ ಅದಕ್ಕೆ ಮೂಗು ಮುಚ್ಚುವವರು
ಹೊಸದಾಗಿ ವರ್ಗವಾಗಿ ಬಂದವರು ಮಾತ್ರ.

ಪಾಠ: ರಾಷ್ಟ್ರಪತಿಯ ಆಯ್ಕೆ.
ಪುಸ್ತಕದಲ್ಲಿ ನಾಲ್ಕು ಸಾಲು, ಕೆಳಗೊಂದು ಭವನದ ಚಿತ್ರ,
ಗುಮ್ಮಟಕ್ಕೆ ಯಾರೋ ಮೀಸೆ ಬರೆದಿದ್ದರು.

"ನಮ್ಮಮ್ಮ ಓಟು ಹಾಕ್ತಾಳಾ ಮಿಸ್?" ಚೌಡೇಶ.
ಇಲ್ಲ ಕಣೋ. ನಿಮ್ಮಮ್ಮ ಆರಿಸಿ ಕಳಿಸಿದವರು ಹಾಕುತ್ತಾರೆ.
ಎಲ್ಲ ರಾಜ್ಯದ ಎಮ್ಮೆಲ್ಲೆಗಳು, ಎರಡೂ ಸದನದ ಎಂಪಿಗಳು.
ನೇಮಕವಾಗಿ ಕೂತವರಿಗಿಲ್ಲ,
ನಮ್ಮ ವಿಧಾನ ಪರಿಷತ್ತಿನವರಿಗೂ ಇಲ್ಲ.
ತಲೆಗಳು ಆಡಿದವು. ಒಳಗೆ ಎಷ್ಟು ಹೋಯಿತೋ.

ಸೀಮೆಸುಣ್ಣ ಕೆಳಗಿಟ್ಟೆ.
ಮೊಟ್ಟೆ, ಬಾಳೆಹಣ್ಣು, ಚಿಕ್ಕಿ:
ಮಧ್ಯಾಹ್ನದ ಊಟಕ್ಕೆ ಮೂವರು ಅಭ್ಯರ್ಥಿಗಳು.
ಬೇಕಾದ್ದರ ಮುಂದೆ ಒಂದು ಬರೆಯಿರಿ,
ಅದು ಸಿಗದಿದ್ದರೆ ಯಾವುದೋ, ಅದಕ್ಕೆ ಎರಡು.
ಕೈ ಮರೆಮಾಡಿ. ಗುಟ್ಟು ಗುಟ್ಟಾಗಿರಲಿ.

ಇಪ್ಪತ್ತೊಂಬತ್ತು ಚೀಟಿ. ನನ್ನ ಟಿಫನ್ ಡಬ್ಬಿಯೇ ಪೆಟ್ಟಿಗೆ,
ಒಂದೆರಡಕ್ಕೆ ಉಪ್ಪಿನಕಾಯಿ ಎಣ್ಣೆ ಹತ್ತಿತು.
ಬಾಳೆಹಣ್ಣು ಹನ್ನೆರಡು, ಮೊಟ್ಟೆ ಒಂಬತ್ತು, ಚಿಕ್ಕಿ ಎಂಟು.
ಬಾಳೆಹಣ್ಣಿನ ಪಕ್ಷ ಡೆಸ್ಕು ಬಡಿಯಿತು.

ತಡೀರಿ. ಅರ್ಧಕ್ಕಿಂತ ಹೆಚ್ಚು ಬೇಕು. ಹದಿನೈದು.
ಕೊನೆಯಲ್ಲಿದ್ದ ಚಿಕ್ಕಿ ಎದ್ದು ಹೊರಗೆ ಹೋಯಿತು,
ಅದರ ಎಂಟು ಚೀಟಿ ಹೋಗಲಿಲ್ಲ.
ಒಂದೊಂದನ್ನೂ ಮತ್ತೆ ಬಿಡಿಸಿದೆವು: ಎರಡು ಯಾರಿಗೆ?
ಬಾಳೆಗೆ ಎರಡು ಚೀಟಿ, ಮೊಟ್ಟೆಗೆ ಆರು.
ಮೊಟ್ಟೆ ಹದಿನೈದು!

"ಮುಂದಿದ್ದೋನೇ ಸೋತನಲ್ಲ ಮಿಸ್, ಅನ್ಯಾಯ!"
ಹೌದು, ಅಲ್ಲ, ಹೌದು, ಅಲ್ಲ ಎಂದು
ಗಂಟೆ ಹೊಡೆಯುವವರೆಗೆ ಕ್ಲಾಸು ಜಗಳವಾಡಿತು.
ನಾನು ಬಿಡಿಸಲು ಹೋಗಲಿಲ್ಲ.

ಮರುದಿನ ತೂಕ.
ಗೂಡಿನ ಮಾರ್ಕೆಟ್ಟಲ್ಲಿ ಆಡಿ ಬೆಳೆದವರಿಗೆ
ತೂಕ ಹೇಳಿಕೊಡಬೇಕೆ?
ಅಲ್ಲಿ ಗೂಡು ಎಣಿಸುವವರಿಲ್ಲ, ತಕ್ಕಡಿಗೆ ಸುರಿಯುತ್ತಾರೆ.
ಈ ಓಟಿಗೂ ತಕ್ಕಡಿಯುಂಟು:
ಉತ್ತರ ಪ್ರದೇಶದ ಎಮ್ಮೆಲ್ಲೆಯದು ಇನ್ನೂರ ಎಂಟು,
ಪುಟ್ಟ ಸಿಕ್ಕಿಮಿನದು ಏಳೇ ಏಳು,
ನಮ್ಮದು ನೂರ ಮೂವತ್ತೊಂದು.
ರಾಜ್ಯದ ಜನರನ್ನು ಎಮ್ಮೆಲ್ಲೆಗಳಿಗೆ ಹಂಚಿ,
ಬಂದದ್ದನ್ನು ಸಾವಿರದಿಂದ ಭಾಗಿಸಬೇಕು.
ಜನ ಅಂದರೆ ಈಗಿನವರಲ್ಲ,
ಎಪ್ಪತ್ತೊಂದರ ಗಣತಿಯವರು.

ಮುಬೀನಾ ಎದ್ದಳು. "ನಾವು ಅದರಲ್ಲಿ ಇಲ್ವಾ?"
ಇಲ್ಲ ತಾಯಿ. ನಾನೂ ಇಲ್ಲ.
ನಾನು ಹುಟ್ಟಿದ್ದೇ ಎಪ್ಪತ್ತೊಂಬತ್ತರಲ್ಲಿ.

ಬೇಜಾರು ಮುಖಗಳಿಗೆ ಪೆಟ್ಟಿಗೆಯ ಕತೆ ಹೇಳಿದೆ:
ಬೀಗ ಹಾಕಿ, ಅರಗು ಒತ್ತಿ, ವಿಮಾನ ಹತ್ತಿಸುತ್ತಾರೆ.
ಅಧಿಕಾರಿಯ ಪಕ್ಕದ ಸೀಟು ಅದಕ್ಕೇ,
ಅದರ ಹೆಸರಲ್ಲೇ ಟಿಕೆಟ್ಟು.
"ಕಿಟಕಿ ಸೀಟಾ?" ಅಂದ ಚೌಡೇಶ,
ದೇವನಹಳ್ಳಿಯಿಂದೆದ್ದ ವಿಮಾನವನ್ನು
ದಿನಕ್ಕೆ ಹತ್ತು ಸಲ ಕೆಳಗಿನಿಂದ ನೋಡುವವನು.

ಮೂರನೇ ದಿನ ಹಾಜರಿ ಮುಗಿಯುವ ಮೊದಲೇ ಮುಬೀನಾ:
"ನಮ್ಮ ನಾನಿಯನ್ನ ಕೇಳಿದೆ ಮಿಸ್.
ಎಣಿಸೋರು ಬಂದಾಗ ಅವಳು ಚರಕದ ಹಿಂದೆ ಬಚ್ಚಿಟ್ಕೊಂಡಿದ್ಲಂತೆ,
ಇಂಜೆಕ್ಷನ್ನಿನೋರು ಅಂತ ಹೆದರಿ.
ಅವರಪ್ಪ ಏಳು ಮಕ್ಕಳು ಅಂದರೋ ಆರು ಅಂದರೋ
ಅವಳಿಗೂ ಗೊತ್ತಿಲ್ಲ.
ನಾನಿ ಆ ನೂರ ಮೂವತ್ತೊಂದರಲ್ಲಿ ಇದಾಳಾ?"

ಇಪ್ಪತ್ತೆಂಟು ಮಕ್ಕಳು ನನ್ನನ್ನೇ ನೋಡಿದರು.
ಪುಸ್ತಕದಲ್ಲಿ ಇದಿರಲಿಲ್ಲ.
ಬೋರ್ಡಿನ ಮೇಲೆ ಭಾಗಾಕಾರ ಮತ್ತೆ ಹಾಕಿದೆ, ನಿಧಾನ,
ಎಪ್ಪತ್ತೊಂದರ ಎರಡು ಕೋಟಿ ತೊಂಬತ್ತೆರಡು ಲಕ್ಷ ಚಿಲ್ಲರೆ,
ಇನ್ನೂರಿಪ್ಪತ್ತನಾಲ್ಕರಿಂದ, ಆಮೇಲೆ ಸಾವಿರದಿಂದ.
ಬಂದದ್ದು ನೂರ ಮೂವತ್ತು, ಬಿಂದು, ಎಂಟರ ಹತ್ತಿರ.
ಅರ್ಧ ದಾಟಿದ ಚಿಲ್ಲರೆಯನ್ನು ಒಂದೆಂದು ಹಿಡಿಯುತ್ತಾರೆ ಮಗೂ,
ಆಗ ನೂರ ಮೂವತ್ತೊಂದು.
ಎಣಿಸಿದವರು ಮುಗಿದ ಮೇಲೂ
ಅಲ್ಲಿ ಇಷ್ಟು ಜಾಗ ಉಳಿದಿದೆ, ನೋಡು.

ಅವಳು ನೋಡಿದಳು.
ಚರಕದ ಹಿಂದೆ ಕೂರುವಷ್ಟು ಇದೆಯಾ ಎಂದು
ಬೆರಳಲ್ಲಿ ಅಳೆದು ಕೂತಳು.